ಗೋಲಿನ ಹಿಂದಿನಿಂದ ಬಂದ ಸುದ್ದಿ

ನನ್ನ ಮೊಮ್ಮಗ ದೇಶದ ಅಂಗಿ ತೊಟ್ಟು ಮುಂಬಯಿಯಲ್ಲಿ ಆಡಿದ ದಿನ ನಾನು ನಕ್ಕದ್ದಕ್ಕಿಂತ ಬೈದದ್ದೇ ಹೆಚ್ಚು. ಬೈಯದೆ ಬಿಟ್ಟದ್ದು ಅವನೊಬ್ಬನನ್ನು. ಸಂಜೆಯ ಹೊತ್ತಿಗೆ ಅವನನ್ನೂ ಬೈದೆ.

ಖುಷಿಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎದೆ ಒಡೆದೀತು. ಇಡೀ ಹಿಂದೂಸ್ಥಾನವನ್ನು ಜರಡಿ ಹಿಡಿದು ಹುಡುಗರ ಫುಟ್‌ಬಾಲ್ ತಂಡ ಕಟ್ಟಿದ್ದರು. ಕಲಕತ್ತೆಯವರು, ಹೈದರಾಬಾದಿನವರು, ಮಲಬಾರದವರು, ಒಬ್ಬರಿಗಿಂತ ಒಬ್ಬರು ಚಿಗರೆಮರಿಗಳು. ಅವರೆಲ್ಲರ ಬೆನ್ನ ಹಿಂದೆ, ಗೋಲಿನ ಕಂಬಗಳ ನಡುವೆ ನಿಲ್ಲುವುದಕ್ಕೆ ವಡಾಲದ ಚಾಳಿನ ನನ್ನ ಮೊಮ್ಮಗ! ಸುದ್ದಿ ಬಂದ ದಿನ ಚಾಳಿನ ಮಾಳಿಗೆ ಮಾಳಿಗೆಗೂ ಶಿರಾ ಹಂಚಿದೆ. ನಳದ ಹತ್ತಿರ ಜಗಳವಾಗಿ ಮಾತು ಬಿಟ್ಟಿದ್ದ ಹೆಂಗಸಿಗೂ ಒಂದು ಬಟ್ಟಲು ಕೊಟ್ಟು, “ತಿನ್ನು, ಆದರ ಮಾತಾಡಬ್ಯಾಡ” ಎಂದು ಹೇಳಿ ಬಂದೆ.

ನಾನು ಖಾನಾವಳಿ ನಡೆಸುತ್ತಿದ್ದವಳು. ಬಂದರದಲ್ಲಿ ಮೂಟೆ ಹೊರುವ ವಿಜಾಪುರ ಸೀಮೆಯ ಮಂದಿಗೆ ರೊಟ್ಟಿ, ಝುಣಕ, ಕೆಂಪು ಖಾರ. ಗಂಡನ ಬೆನ್ನು ಹತ್ತಿ ಈ ಊರಿಗೆ ಬಂದೆ. ಗಂಡ ಹೋದ. ಸೊಸೆ ಬಾಣಂತನದಲ್ಲಿ ಹೋದಳು, ಅವಳ ಹಿಂದೆಯೇ ಮಗನೂ ಹೋದ. ಉಳಿದದ್ದು ಹಲ್ಲು ಬರದ ಈ ಕೂಸು. ಅದು ನನ್ನ ಒಲೆಯ ಮುಂದೆ ಬೆಳೆಯಿತು. ಹಂಚಿನಿಂದ ತೆಗೆದ ರೊಟ್ಟಿಯನ್ನು ನಾನು ಹಿಂದೆ ತಿರುಗಿ ನೋಡದೆ ಎಸೆದರೆ, ಬುಟ್ಟಿಯ ಹತ್ತಿರ ನಿಂತು ನೆಲಕ್ಕೆ ಬೀಳದಂತೆ ಹಿಡಿಯುತ್ತಿತ್ತು. ಕೈ ಪಳಗಿದ್ದು ಅಲ್ಲಿಯೇ. ತರಬೇತಿಯ ಸಾಹೇಬರು ಇದನ್ನು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಬಿಡಲಿ.

ಎದುರು ಆಡಲು ಬಂದವರು ಬರ್ಮಾ ದೇಶದ ಹುಡುಗರು. ಗೆದ್ದ ತಂಡ ಹಡಗು ಹತ್ತಿ ಮುಂದಿನ ಆಟಗಳಿಗೆ ಪರದೇಶಕ್ಕೆ ಹೋಗುವುದು, ಸೋತ ತಂಡ ಗಂಟು ಕಟ್ಟಿಕೊಂಡು ಮನೆಗೆ ಹೋಗುವುದು. ಮುಂದಿನ ಸಲ ಎಂಬುದು ನನ್ನ ಮೊಮ್ಮಗನಿಗೆ ಇರಲಿಲ್ಲ. ಅಷ್ಟರಲ್ಲಿ ಹುಡುಗರ ತಂಡದ ವಯಸ್ಸು ಮೀರಿರುತ್ತದೆ. ಆಟಕ್ಕೆ ಮೊದಲು ಎಲ್ಲರನ್ನೂ ಕೋಟೆಯ ಕಡೆ ಒಂದು ಹಾಸ್ಟೆಲಿನಲ್ಲಿ ಇಟ್ಟಿದ್ದರು. ಮನೆಗೆ ಬಿಡಲಿಲ್ಲ, ನಾನು ಕಟ್ಟಿಕೊಂಡು ಹೋದ ರೊಟ್ಟಿಯನ್ನು ಒಳಗೆ ಬಿಡಲಿಲ್ಲ. ಬ್ರೆಡ್ಡಂತೆ, ಮೊಟ್ಟೆಯಂತೆ. ಅಲ್ಲಿಂದಲೇ ನನಗೆ ಸಿಟ್ಟು ಶುರುವಾಗಿತ್ತು.

ಆಟದ ದಿನ ಬೆಳಿಗ್ಗೆ ಹಿಟ್ಟು ನಾದುತ್ತಿದ್ದೆ. ಬಾಗಿಲಲ್ಲಿ ಛತ್ರಿ ಮಡಚಿಕೊಂಡು ಒಬ್ಬ ನಿಂತ. ನೋಡಿದರೆ ನನ್ನ ನೆಗೆಣ್ಣಿಯ ತಮ್ಮ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯ ತಮ್ಮ. ಊರಿನಿಂದ ಬೆಳಗಿನ ಗಾಡಿಗೆ ಬಂದಿಳಿದಿದ್ದ.

“ಹುಡುಗ ಎಲ್ಲಿದಾನ್ರೀ ಅಕ್ಕಾರ?”

“ಮೊದಲ ನೀರು ಕುಡಿ. ಹುಡುಗ ಯಾಕ ಬೇಕು?”

“ನೀರು ಆಮ್ಯಾಲೆ. ನಿಮ್ಮ ಭಾವನೋರು ಮೊನ್ನೆ ತೀರ್ಕೊಂಡ್ರು. ಗಂಡು ಸಂತಾನ ಇಲ್ಲ ನಿಮಗ ಗೊತ್ತೈತಿ. ಹತ್ತನೇ ದಿನಕ್ಕ ನೀರು ಬಿಡಾಕ ಮನಿತನದ ಗಂಡು ಬೇಕು. ರಾತ್ರಿ ಗಾಡಿಗೆ ಹುಡುಗನ್ನ ಕರ್ಕೊಂಡು ಹೊಕ್ಕೀನಿ.”

ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ದುಃಖದಿಂದ ಅಲ್ಲ. ನನ್ನ ಮಗ ಸತ್ತಾಗ ಇದೇ ಭಾವನಿಗೆ ಹೇಳಿ ಕಳಿಸಿದ್ದೆ: ಕೂಸನ್ನು ಎರಡು ವರ್ಷ ನೋಡಿಕೊಳ್ಳಿ, ಇಲ್ಲಿ ದುಡಿದು ಹೇಗೋ ದಾರಿ ಮಾಡುತ್ತೇನೆ ಎಂದು. ಅವನು ತಿರುಗಿ ಹೇಳಿ ಕಳಿಸಿದ ಮಾತು, ನಮಗೂ ನಿಮಗೂ ಸ್ನಾನ ಸೂತಕ ಇಲ್ಲ. ಅಂದರೆ ಅವರು ಸತ್ತರೆ ನಾವು ತಲೆಗೆ ಒಂದು ತಂಬಿಗೆ ನೀರು ಸುರಿದುಕೊಳ್ಳುವಷ್ಟೂ ಸಂಬಂಧವಿಲ್ಲ, ನಾವು ಸತ್ತರೆ ಅವರೂ ಹಾಗೆಯೇ. ಈಗ ಅದೇ ಮನೆಗೆ ಗಂಡು ಬೇಕಾಗಿತ್ತು.

“ಹಲ್ಲು ಬರದಾಗ ಬ್ಯಾಡಾದಂವ ಮೀಸಿ ಬಂದಮ್ಯಾಲೆ ಬೇಕಾದ್ನ?” ಎಂದೆ. “ಅಂವ ಇವತ್ತ ದೇಶದ ಸಲುವಾಗಿ ಆಡಾಂವ ಇದಾನ. ನಿನ್ನ ಸುದ್ದಿ ತಗೊಂಡು ಬಂದ ದಾರಿ ಹಿಡಿ.”

“ಆಡೂದಾ? ಸೂತಕದಾಗ? ಎಲ್ಲಾರನ್ನೂ ಮುಟ್ಟಿಕೋತ? ಶಿವ ಶಿವ!”

“ಅಂವ ಕೇಳಿಲ್ಲ. ಕೇಳದಂವಗ ಎಲ್ಲಿ ಸೂತಕ? ಸೂತಕ ಕಿವಿಯಿಂದ ಬರೂದು.”

“ರಕ್ತದಿಂದ ಬರೂದು.”

“ಹಂಗಾರ ಮೊನ್ನೆ ಸತ್ತಾಗಿಂದ ಇಲ್ಲೀತನಾ ನಾ ರೊಟ್ಟಿ ಬಡದೀನಿ, ಮಂದಿ ಉಂಡಾರ. ಎಲ್ಲಾರ ಹೊಟ್ಟಿ ತೊಳಿ ಹೋಗು!”

ನಮ್ಮ ಮಂದಿ ಹೀಗೆಯೇ ನಡೆದುಕೊಂಡು ಬಂದವರು. ಸಾವಿನ ಸುದ್ದಿ ಕಿವಿಗೆ ಬಿತ್ತೋ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು. ಅಲ್ಲಿಂದ ಮುಂದೆ ಸೂತಕ. ದೂರದ ಊರಿನಲ್ಲಿ ಮಗಳ ಮದುವೆ ಇಟ್ಟುಕೊಂಡವರಿಗೆ ಅಕ್ಕಿಕಾಳು ಬೀಳುವವರೆಗೆ ಯಾರೂ ಸುದ್ದಿ ಮುಟ್ಟಿಸುವುದಿಲ್ಲ. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ವಾದ ಮಾಡುತ್ತಿದ್ದ. ನಾನಂತೂ ಕೇಳಿಬಿಟ್ಟಿದ್ದೆ. ಒಲೆಗೆ ನೀರು ಹಾಕಿ, ಅವನನ್ನು ಬೈಯುತ್ತಲೇ ನಳದ ಕೆಳಗೆ ಕೂತು ತಲೆ ತೋಯಿಸಿಕೊಂಡು ಬಂದೆ. ಹುಡುಗ ಎಲ್ಲಿ ಆಡುತ್ತಾನೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ಮುಂಬಯಿಯಂಥ ಊರಿನಲ್ಲಿ ಒಂದು ಮೈದಾನ ಹುಡುಕುವುದು ಇವನಿಂದ ಆಗುವುದಿಲ್ಲ ಎಂಬ ಧೈರ್ಯ.

ಆ ಧೈರ್ಯವನ್ನು ಪಕ್ಕದ ಖೋಲಿಯವನು ಮಣ್ಣು ಮಾಡಿದ. ಮಂಗಳೂರು ಕಡೆಯ ಹುಡುಗ, ಸಯನ್ನಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು, ಫುಟ್‌ಬಾಲಿನ ಹುಚ್ಚ. ಸಾವಿನ ಸುದ್ದಿ ಅವನಿಗೆ ತಿಳಿಯದು. ಇಸ್ತ್ರಿ ಅಂಗಿ ಹಾಕಿಕೊಂಡು ಬಂದವನೇ, “ಎಂಥದು ಅಜ್ಜಿ, ಇನ್ನೂ ರೆಡಿ ಆಗಲಿಲ್ವಾ? ಓ, ಊರಿಂದ ಜನ ಬಂದಿದ್ದಾರಾ? ನನ್ನ ಹತ್ರ ಇನ್ನೊಂದು ಪಾಸ್ ಉಂಟು, ಇವರನ್ನೂ ಕರ್ಕೊಂಡು ಹೋಗುವಾ. ಮೊಮ್ಮಗ ಗೋಲಲ್ಲಿ ಹೇಗೆ ನಿಲ್ತಾನೆ ಅಂತ ಊರಿನವರೂ ನೋಡ್ಲಿ ಮಾರಾಯ್ರೆ!” ಎಂದ.

ಆರಿದ ಕೊಳ್ಳಿಯಲ್ಲೇ ಅವನ ಬಾಯಿಗೆ ತಿವಿಯಬೇಕು ಅನ್ನಿಸಿತು.

ಕೊನೆಗೆ ಒಪ್ಪಂದ ಮಾಡಿಕೊಂಡೆ. ಆಟ ಸಂಜೆಗೆ ಮುಗಿಯುತ್ತದೆ, ಗಾಡಿ ಇರುವುದು ರಾತ್ರಿ. ಆಟ ಮುಗಿಯುವ ತನಕ ತುಟಿ ಬಿಚ್ಚಬಾರದು, ಆಮೇಲೆ ನಾನೇ ಹೇಳುತ್ತೇನೆ. ಮನೆದೇವರ ಮೇಲೆ ಆಣೆ ಹಾಕಿಸಿಕೊಂಡೆ. ಆದರೂ ನಂಬಲಿಲ್ಲ. ಲೋಕಲ್ಲಿನಲ್ಲಿ ಹೆಂಗಸರ ಡಬ್ಬಿ ಬಿಟ್ಟು ಗಂಡಸರ ಡಬ್ಬಿಗೆ ಹತ್ತಿ, ಬೋರಿಬಂದರದ ತನಕ ಅವನ ಎದುರೇ ನಿಂತುಕೊಂಡೆ. ಯಾರೋ ಒಬ್ಬ, “ಆಜೀ, ಲೇಡೀಸ್ ಡಬ್ಬಾ ತಿಕಡೆ” ಎಂದು ಕೈ ತೋರಿಸಿದ. “ಮಾಹೀತ್ ಆಹೆ, ಗಪ್ ಬಸ್” ಎಂದೆ, ಗೊತ್ತಿದೆ, ಸುಮ್ಮನೆ ಕೂತಿರು ಎಂದು.

ಮೈದಾನದ ಬಾಗಿಲಲ್ಲಿ ನಿಂತವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಮುದುಕಿ ಇಲ್ಲಿ ಏನು ಮಾಡುತ್ತಾಳೆ ಎಂದು ಕೇಳಿದ. ಮಂಗಳೂರಿನವನು ಹೇಳಿದ, “ಅರೆ ಭಾಯಿ, ಗೋಲ್‌ಕೀಪರ್ ಕೀ ದಾದೀ ಹೈ!” ಬಾಗಿಲಿನವನು ಪಾಸನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ದೇಶಕ್ಕೆ ಹುಡುಗನನ್ನು ಬೆಳೆಸಿ ಕೊಟ್ಟವಳು ಕಳ್ಳಿಯ ಹಾಗೆ ನಿಲ್ಲಬೇಕು! ಅವನಿಗೆ ಕೊಡಬೇಕಾದದ್ದನ್ನು ಕನ್ನಡದಲ್ಲಿ ಕೊಟ್ಟು ಒಳಗೆ ಹೋದೆ.

ತಂಡಗಳು ಬಂದವು. ಎಲ್ಲರ ಹಿಂದೆ ನನ್ನ ಕೂಸು. ಎದೆಯ ಮೇಲೆ ದೇಶದ ಗುರುತು. ನನಗೆ ಎದ್ದು ನಿಂತು ಕೂಗಬೇಕೆನಿಸಿತು, ಇವನು ನನ್ನವನು, ನನ್ನವನು ಎಂದು. ಕೂಗಿದೆ ಕೂಡ. ಅಷ್ಟರಲ್ಲಿ ನೆಗೆಣ್ಣಿಯ ತಮ್ಮ ಕುತ್ತಿಗೆ ಉದ್ದ ಮಾಡಿ, “ಇಂವನ ಏನು?” ಎಂದದ್ದು ಕೇಳಿ ಎಚ್ಚರವಾಯಿತು.

“ಇವನು ನಿಲ್ಲೂದು ಯಾವ ಕಡೆ?” ಎಂದು ಮಂಗಳೂರಿನವನನ್ನು ಕೇಳಿದೆ.

“ಆಚೆಯ ಗೋಲು ಅಜ್ಜಿ. ಬನ್ನಿ, ಅಲ್ಲೇ ಹಿಂದೆ ಕೂತುಕೊಳ್ಳುವಾ, ಹತ್ತಿರದಿಂದ ಕಾಣ್ತಾನೆ.”

“ಬ್ಯಾಡ. ಈಚೆಯ ಗೋಲಿನ ಹಿಂದ ಕುಂದರೂಣು. ನನ್ನ ದೃಷ್ಟಿ ಭಾಳ ಕೆಟ್ಟೈತಿ, ಹತ್ರ ಹೋದ್ರ ತಾಕತೈತಿ.”

ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಇಲ್ಲಿಂದ ಗಂಟಲು ಹರಿದುಕೊಂಡರೂ ಅಲ್ಲಿಗೆ ಕೇಳಿಸದು. ಅಷ್ಟು ದೂರ ನಡೆದು ಹೋಗೋಣವೆಂದರೆ ಮಂದಿ ಇರುವೆಯ ಹಾಗೆ ತುಂಬಿಕೊಂಡಿದ್ದರು. ನೆಗೆಣ್ಣಿಯ ತಮ್ಮನನ್ನು ನಡುವೆ ಕೂರಿಸಿ ಆಚೆ ಮಂಗಳೂರಿನವನು, ಈಚೆ ನಾನು.

ಅಲ್ಲಿಂದ ನನ್ನ ಮೊಮ್ಮಗ ಹೆಬ್ಬೆರಳಿನಷ್ಟು ಕಾಣುತ್ತಿದ್ದ. ಆ ಹೆಬ್ಬೆರಳು ಒಮ್ಮೆ ಹಾರಿತು, ಒಮ್ಮೆ ನೆಲಕ್ಕೆ ಬಿತ್ತು, ಪ್ರತಿ ಸಲವೂ ಮಂದಿ ಹೋ ಎಂದರು. ನಮ್ಮ ಮುಂದಿದ್ದ ಗೋಲು ಬರ್ಮಾದವರದು, ಅದರೊಳಗೆ ನಮ್ಮ ಕಡೆಯವನೊಬ್ಬ ಚೆಂಡು ನುಗ್ಗಿಸಿದ. ಮಂಗಳೂರಿನವನು ನನ್ನ ಕೈ ಹಿಡಿದು ಕುಣಿಸಿಬಿಟ್ಟ. ಸೂತಕದವಳನ್ನು ಮುಟ್ಟಿದನಲ್ಲಾ ಎಂದು ನೆಗೆಣ್ಣಿಯ ತಮ್ಮ ಮುಖ ಹಿಂಡಿದ. ಹಿಂಡಿಕೊಳ್ಳಲಿ ಎಂದು ಇನ್ನೊಂದು ಸುತ್ತು ಕುಣಿದೆ.

ಸೀಟಿ ಊದಿದರು. ಹುಡುಗರೆಲ್ಲ ಬದಿಗೆ ಹೋಗಿ ನಿಂಬೆಹಣ್ಣು ಚೀಪತೊಡಗಿದರು.

“ಮುಗೀತು! ಗೆದ್ವಿ!” ಎಂದು ಸೆರಗು ಕೊಡವಿ ಎದ್ದೆ.

“ಅರ್ಧ ಮುಗೀತು ಅಜ್ಜಿ. ಇನ್ನು ಅರ್ಧ ಉಂಟು, ಕೂತುಕೊಳ್ಳಿ.”

ಕೂತೆ. ಮಳೆ ಹನಿಯತೊಡಗಿತು. ಹುಡುಗರು ಮತ್ತೆ ಒಳಗೆ ಬಂದರು. ನನ್ನ ಮೊಮ್ಮಗ ತನ್ನ ಗೋಲಿಗೆ ಹೋಗುವುದು ಬಿಟ್ಟು ಸೀದಾ ನಮ್ಮ ಕಡೆ ನಡೆದು ಬರತೊಡಗಿದ.

“ಇಂವ ಯಾಕ ಇತ್ತ ಬರಾಕತ್ತಾನ?”

“ಸೈಡ್ ಚೇಂಜ್ ಅಲ್ವಾ. ಇನ್ನು ಇದೇ ಗೋಲಲ್ಲಿ ನಿಲ್ತಾನೆ. ನೀವು ಒಳ್ಳೆ ಜಾಗ ಹಿಡಿದ್ರಿ ಅಜ್ಜಿ!”

“ಯಾಕ? ಆ ಕಡೆ ಏನಾಗಿತ್ತು ರೋಗ?”

“ರೂಲ್ ಅದು.”

“ಯಾವ ಹಲ್ಕಟ್ ಮಗ ಮಾಡಿದ ರೂಲ್?”

ಮಂಗಳೂರಿನವನು ಹೊಟ್ಟೆ ಹಿಡಿದು ನಕ್ಕ. ಇಷ್ಟು ದಿನ ಬಾಯಿ ತುಂಬ ಫುಟ್‌ಬಾಲ್ ಫುಟ್‌ಬಾಲ್ ಎಂದವರಲ್ಲಿ ಒಬ್ಬನಾದರೂ ನನಗೆ ಇದೊಂದು ಮಾತು ಹೇಳಬಾರದಿತ್ತೇ? ಮೊಮ್ಮಗ ಗೋಲಿನ ಕಂಬ ಮುಟ್ಟಿ ತಿರುಗಿದವನು ನನ್ನನ್ನು ಕಂಡ. “ಆಯೀ!” ಎಂದು ಹಲ್ಲು ಬಿಟ್ಟ. ಅಜ್ಜಿಯಾದ ನನ್ನನ್ನು ಅವನು ಕರೆಯುವುದೇ ಹಾಗೆ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನನ್ನ ಬಲಗೈ ನೆಗೆಣ್ಣಿಯ ತಮ್ಮನ ಧೋತರದ ಅಂಚು ಹಿಡಿದಿತ್ತು.

ಮಳೆ ಜೋರಾಯಿತು. ಛತ್ರಿಗಳು ಬಿಚ್ಚಿಕೊಂಡವು. ಮೈದಾನ ಕೆಸರುಗದ್ದೆಯಾಯಿತು. ಬರ್ಮಾದ ಹುಡುಗರು ಮೀನಿನ ಹಾಗೆ ನುಗ್ಗಿ ಬರುತ್ತಿದ್ದರು. ನಾನು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ ಒಂದು ಗಳಿಗೆಯಲ್ಲಿ ಪಕ್ಕದ ಜಾಗ ಖಾಲಿಯಾಯಿತು. ಕಣ್ಣು ತೆಗೆದರೆ ಅವನು ಛತ್ರಿ ಹಿಡಿದುಕೊಂಡು ಹಗ್ಗದ ಹತ್ತಿರ, ಗೋಲಿನ ಬಲೆಯ ಹಿಂದೆಯೇ ನಿಂತಿದ್ದ.

“ಏ ತಮ್ಮಾ! ಇತ್ತ ನೋಡು! ನಾ ನಿಮ್ಮೂರಾಂವ!”

“ಈಗ ಬ್ಯಾಡ್ರಿ ಕಾಕಾ,” ಮೊಮ್ಮಗ ತಿರುಗದೆಯೇ ಹೇಳಿದ, “ಕಾರ್ನರ್ ಐತಿ.”

“ನಿಮ್ಮ ದೊಡ್ಡ ಮುತ್ಯಾ, ನಿಮ್ಮಜ್ಜನ ಅಣ್ಣ, ತೀರ್ಕೊಂಡಾನೋ!”

“ಯಾವ ಮುತ್ಯಾ?” ಎಂದು ನನ್ನ ಕೂಸು ಕತ್ತು ತಿರುಗಿಸಿತು.

ಅಷ್ಟೇ. ಚೆಂಡು ಅವನ ಕಿವಿಯ ಪಕ್ಕದಿಂದ ಬಂದು ಬಲೆಗೆ ಬಿತ್ತು.

ನಾನು ಹೇಗೆ ಎದ್ದೆ, ಎಷ್ಟು ಜನರ ತೊಡೆ ತುಳಿದೆ ಎನ್ನುವುದು ನನಗೆ ತಿಳಿಯದು. ಹಗ್ಗದ ಹತ್ತಿರ ಹೋಗಿ ಅವನ ಛತ್ರಿ ಕಿತ್ತುಕೊಂಡೆ. “ಬದುಕಿದ್ದಾಗ ನನ್ನ ಕೂಸಿನ ಬಾಯಿಗೆ ಒಂದು ಗುಟುಕು ಹಾಲು ಹಾಕಲಿಲ್ಲ, ಸತ್ತಮ್ಯಾಲೆ ಗೋಲು ಹಾಕಿಸಿದನಲ್ಲೋ ನಿಮ್ಮ ಭಾವ! ಮನೆದೇವರ ಆಣೆ ಎಲ್ಲಿ ಹೋತೋ, ಥೂ!” ಸುತ್ತಲಿನ ಮಂದಿ ಎದ್ದರು. “ಕಾಯ್ ಝಾಲಂ ಆಜೀ?” ಎಂದರು. “ಹಾ ಮಾಣೂಸ್ ಆಮ್‌ಚ್ಯಾ ಗೋಲ್‌ಕೀಪರಲಾ ತ್ರಾಸ್ ದೇತೋ!” ಎಂದೆ, ಇವನು ನಮ್ಮ ಗೋಲಿನವನಿಗೆ ತ್ರಾಸು ಕೊಡುತ್ತಿದ್ದಾನೆ ಎಂದು. ಅಷ್ಟು ಸಾಕಾಯಿತು. ನಾಲ್ಕು ಜನ ಅವನ ಹೆಗಲ ಮೇಲೆ ಕೈಯಿಟ್ಟು ಕೆಸರಿನಲ್ಲೇ ಕೂರಿಸಿದರು.

ಮೊಮ್ಮಗ ಮಾತ್ರ ಗೋಲು ಬಿಟ್ಟು ಹಗ್ಗದ ಕಡೆ ಬಂದಿದ್ದ. ಮುಖ ಬಿಳಿಚಿತ್ತು.

“ಆಯಿ, ನಂಗ ಸೂತಕ ಬಂತೇನು? ನಾ ಹೊರಗ ಬರಬೇಕೇನು?”

ಹುಡುಗ ಎಂಥ ಕಡೆ ಬೆಳೆದಿದ್ದಾನೆ ನೋಡಿ! ದೇಶದ ಅಂಗಿ ತೊಟ್ಟು ನಿಂತವನು ಅಜ್ಜಿಯನ್ನು ಕೇಳುತ್ತಾನೆ. ಅವನ ಕೂದಲಿನಿಂದ, ಮೂಗಿನಿಂದ, ಬೆರಳಿನಿಂದ ನೀರು ಇಳಿಯುತ್ತಿತ್ತು.

“ಕೇಳಿದ ಮ್ಯಾಲೆ ಏನು ಮಾಡಬೇಕು? ತಲಿಗೆ ನೀರು ಹಾಕ್ಕೋಬೇಕು. ಉಟ್ಟ ಅರಿವ್ಯಾಗ. ಬೀಳಾಕತ್ತಿಲ್ಲೇನು ಮ್ಯಾಲಿಂದ? ಸ್ನಾನ ಆತು! ಅಂವ ಹೇಳಿ ಕಳಿಸಿದ ಸಂಬಂಧಕ್ಕ ಇದೂ ಜಾಸ್ತಿ. ಹೋಗು, ನಿಂದ್ರು! ಇನ್ನೊಂದು ಬಿಟ್ಟಂದ್ರ ನಾನ ಒಳಗ ಬರ್ತೀನಿ!”

ಹೋದ. ನಿಂತ. ಆಮೇಲೆ ನಡೆದದ್ದನ್ನು ನಾನು ಹಗ್ಗ ಹಿಡಿದುಕೊಂಡೇ ನೋಡಿದೆ. ಪೊಲೀಸನೊಬ್ಬ ಬಂದು ಕೂತುಕೋ ಎಂದ, ಅವನಿಗೆ ಛತ್ರಿ ತೋರಿಸಿದೆ. ಬರ್ಮಾದ ಎತ್ತರದ ಹುಡುಗನೊಬ್ಬ ಒಬ್ಬನೇ ನುಗ್ಗಿ ಬಂದ. ನನ್ನ ಮೊಮ್ಮಗ ಹೊಂಡಕ್ಕೆ ಎಮ್ಮೆ ಬಿದ್ದ ಹಾಗೆ ಅವನ ಕಾಲಿನ ಮೇಲೆಯೇ ಬಿದ್ದು ಚೆಂಡನ್ನು ಹೊಟ್ಟೆಗೆ ಅವಚಿಕೊಂಡ. ಆ ಎಮ್ಮೆ ಏಳುವ ತನಕ ನನಗೆ ಉಸಿರಿರಲಿಲ್ಲ. ನಮ್ಮವರು ಎರಡನೆಯ ಗೋಲು ಹೊಡೆದದ್ದನ್ನು ನಾನು ನೋಡಲೇ ಇಲ್ಲ. ಅದು ಆಚೆಯ ಕಡೆ ನಡೆಯಿತು, ನನಗೆ ಆಚೆ ಏನು ಕೆಲಸ? ಮಂದಿಯ ಕೂಗು ಕೇಳಿ ತಿಳಿಯಿತು. ಮಂಗಳೂರಿನವನು ಅಳುತ್ತಿದ್ದ, ನಗುತ್ತಿದ್ದ, ಕೆಸರಿನಲ್ಲಿ ಕೂತ ನೆಗೆಣ್ಣಿಯ ತಮ್ಮನನ್ನೇ ಎತ್ತಿ ಅಪ್ಪಿಕೊಂಡಿದ್ದ.

ಸೀಟಿ ಊದಿತು. ಗೆದ್ದರು. ಗೆದ್ದರು! ಮೊಮ್ಮಗ ಹಗ್ಗ ಜಿಗಿದು ಬಂದ. ಕೆಸರು ಮೆತ್ತಿದ ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮುದ್ದಿಟ್ಟೆ, ಆಮೇಲೆ ಬೈದೆ. “ಕಾರ್ನರ್ ಐತಿ ಅಂತ ನೀನ ಅಂದಿ. ಮತ್ತ ಕತ್ತು ಯಾಕ ತಿರುವಿದಿ?”

“ಹಿರಿಯರು ಮಾತಾಡಿಸಿದ್ರ ಮುಖಾ ನೋಡಿ ಮಾತಾಡು ಅಂತ ನೀನ ಬಡದು ಬಡದು ಕಲಿಸಿದ್ದಿ.”

ಸೆರಗಿನಿಂದ ಅವನ ಮುಖದ ಕೆಸರು ಒರೆಸತೊಡಗಿದೆ. ಅವನು ಮೆಲ್ಲಗೆ ಕೇಳಿದ, “ಆಯಿ, ನಾ ಅಂವನ್ನ ನೋಡೇ ಇಲ್ಲ. ಅಳಬೇಕೇನು?”

“ಬ್ಯಾಡ.”

ನೆಗೆಣ್ಣಿಯ ತಮ್ಮ ಒದ್ದೆ ಧೋತರ ಹಿಂಡುತ್ತ ಬಂದ. ಸೋತ ಮುಖವೇನಲ್ಲ. “ಆಟ ಮುಗೀತಲ್ರಿ. ಕೊಟ್ಟ ಮಾತು. ಹುಡುಗನ್ನ ಕಳಸ್ರಿ. ನಮ್ಮಕ್ಕ ದಾರಿ ಕಾಯಾಕತ್ತಾಳ.” ಅತ್ತ ಟೈ ಕಟ್ಟಿದ ಸಾಹೇಬನೊಬ್ಬ ಬಸ್ಸಿನ ಬಾಗಿಲಲ್ಲಿ ನಿಂತು ಹುಡುಗನನ್ನು ಕರೆಯುತ್ತಿದ್ದ. ಹಡಗು ಹೊರಡುವುದು ಅದೇ ವಾರ. ಹತ್ತನೆಯ ದಿನದ ತನಕ ಊರಿನಲ್ಲಿ ಕೂತರೆ ಹಡಗು ಇವನಿಗಾಗಿ ನಿಲ್ಲುವುದಿಲ್ಲ.

“ನೀ ಹೇಳಿದಂಗ, ಆಯಿ,” ಎಂದ ಮೊಮ್ಮಗ. “ಊರಿಗೆ ಹೋಗು ಅಂದ್ರ ಹೊಕ್ಕೀನಿ.”

ಅವನು ಹಾಗೆ ಹೇಳಿದ್ದಕ್ಕೆ ನನಗೆ ಬಂದ ಸಿಟ್ಟು ಆ ದಿನದ ಎಲ್ಲ ಸಿಟ್ಟುಗಳಿಗಿಂತ ದೊಡ್ಡದು. ಇಷ್ಟು ಒಳ್ಳೆಯ ಹುಡುಗನನ್ನು ಬೇಡವೆಂದಿದ್ದರು.

“ಬಸ್ಸು ಹತ್ತು,” ಎಂದೆ. “ಹಡಗೂ ಹತ್ತು. ಊರಿಗೆ ನಾ ಹೊಕ್ಕೀನಿ.”

“ಹೆಂಗಸು ನೀರು ಬಿಡೂದೇನ್ರಿ ಅಕ್ಕಾರ?” ನೆಗೆಣ್ಣಿಯ ತಮ್ಮ ಕಣ್ಣು ಬಿಟ್ಟ.

“ಮನಿತನ ಬೇಕಂದ್ಯೋ ಇಲ್ಲೋ? ಈ ಮನಿತನ ಇಷ್ಟು ದಿನ ಯಾರು ನಡಿಸ್ಯಾರ? ಗಂಡಸರೇನು? ನಡಿ, ಗಾಡಿಗೆ ಹೊತ್ತಾತು.”

ಬಸ್ಸು ತಿರುಗುವ ತನಕ ಕಿಟಕಿಯಿಂದ ಅವನ ಕೈ ಕಾಣಿಸಿತು. ಉಟ್ಟ ಸೀರೆಯಲ್ಲೇ ಗಾಡಿ ಹತ್ತಿದೆ. ಊರಿನ ದಾರಿಯುದ್ದಕ್ಕೂ ನೆಗೆಣ್ಣಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದೇ ಜೋಡಿಸಿಕೊಂಡೆ. ಎಷ್ಟೊಂದು ಇದ್ದವು! ಬೆಳಕು ಹರಿದರೂ ಮುಗಿದಿರಲಿಲ್ಲ.

ಬಾಗಿಲಲ್ಲಿ ನೆಗೆಣ್ಣಿ ಕೂತಿದ್ದಳು. ಹಣೆ ಬರಿದಾಗಿತ್ತು, ಮೈ ಇಳಿದಿತ್ತು. ನನ್ನ ಬೆನ್ನ ಹಿಂದೆ ಇಣುಕಿ ನೋಡಿದಳು.

“ಹುಡುಗ ಎಲ್ಲಿ?”

“ಬರಂಗಿಲ್ಲ. ದೇಶದ ಸಲುವಾಗಿ ಆಡಾಕ ಹಡಗು ಹತ್ತಾಂವ ಇದಾನ.”

ಅವಳು ಎದೆ ಬಡಿದುಕೊಂಡು ಕೂಗಾಡಲಿ ಎಂದು ಕಾದೆ. ನನ್ನ ಮಾತುಗಳು ಗಂಟಲಿನಲ್ಲಿ ಸಾಲಾಗಿ ನಿಂತಿದ್ದವು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು, “ಆಟದಾಗ ಏನು ಮಾಡ್ತಾನ ಅಂವ?”

“ಬಾಗಲಕ್ಕ ನಿಂದರ್ತಾನ. ಯಾರನ್ನೂ ಒಳಗ ಬಿಡಂಗಿಲ್ಲ.”

“ಹಂಗಾರ ನಮ್ಮ ಮನಿತನದಾಂವನ ಖರೆ,” ಎಂದಳು ನೆಗೆಣ್ಣಿ.

ನನಗೆ ನಗು ಬಂದುಬಿಟ್ಟಿತು. ಸೂತಕದ ಮನೆಯ ಹೊಸ್ತಿಲಲ್ಲಿ, ಕೆಸರು ಒಣಗಿದ ಸೀರೆಯಲ್ಲಿ ನಿಂತು ನಕ್ಕೆ. ಅವಳೂ ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕೆನಲ್ಲಾ ಎಂದು ನನಗೆ ಮತ್ತೆ ಸಿಟ್ಟು ಬಂತು. ಹತ್ತನೆಯ ದಿನ ಡೋಣಿ ಹೊಳೆಯ ದಂಡೆಯಲ್ಲಿ ಹಿರಿಯರು ಗೊಣಗಿದರು. ನೆಗೆಣ್ಣಿಯೇ, “ಆಕಿ ಬಿಡ್ಲಿ, ಮತ್ಯಾರು ಅದಾರ?” ಎಂದಳು. ಬೊಗಸೆಯಲ್ಲಿ ನೀರು ತುಂಬಿಕೊಂಡು ನಿಂತೆ. ಆ ಹೊತ್ತಿಗೆ ಹಡಗಿನಲ್ಲಿ ಮೊಮ್ಮಗನ ಸುತ್ತಲೂ ನೀರೇ ಇದ್ದಿರಬೇಕು. ಭಾವನಿಗೆ ಒಳ್ಳೆಯ ಮಾತು ಹೇಳಬೇಕೆಂದು ಎಷ್ಟು ನೋಡಿದರೂ ಬಾಯಿಗೆ ಬರಲಿಲ್ಲ. “ತಗೋ,” ಎಂದೆ. ಬಿಟ್ಟೆ.